ಅಂಚಿನ ಕಪ್ಪು

ಕಳೆದ ವರ್ಷ ಸೆಪ್ಟೆಂಬರ್ ಎರಡನೆಯ ಗುರುವಾರ ಬೆಳಗ್ಗೆ ಹನ್ನೊಂದೂಕಾಲಿಗೆ, ತಿರುವನಂತಪುರದ ಒಂದು ಕಣ್ಣಾಸ್ಪತ್ರೆಯ ಎರಡನೆಯ ಮಹಡಿಯಲ್ಲಿ, ಹತ್ತೊಂಬತ್ತು ವರ್ಷದ ನನ್ನ ಮಗಳ ಎರಡೂ ಕಣ್ಣುಗಳಿಗೆ ಗ್ಲಾಕೋಮಾ ಇದೆ ಎಂದು ವೈದ್ಯೆ ಹೇಳಿದರು. ಕಣ್ಣಿನೊಳಗಿನ ಒತ್ತಡ ಏರಿ ನರ ಸವೆದಿದೆ. ಪಕ್ಕದ ನೋಟ ಕುಗ್ಗಿದೆ, ಎಡಗಣ್ಣಿನಲ್ಲಿ ಹೆಚ್ಚು. ಹೋದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಲು ಪ್ರಯತ್ನಿಸಬಹುದು.

ಇದೇ ಸುದ್ದಿಯನ್ನು ಜೂನ್ ಮೂರನೆಯ ಭಾನುವಾರ ನನ್ನ ಮಗಳು ನನ್ನ ಕೈಗೆ ಕೊಟ್ಟಿದ್ದಳು, ಇಪ್ಪತ್ತೆರಡು ಪುಟಗಳಲ್ಲಿ. ನಾನು ಅದನ್ನು ಪೆನ್ಸಿಲಿನಿಂದ ತಿದ್ದಿ ವಾಪಸು ಕೊಟ್ಟಿದ್ದೆ. ಎರಡು ದಿನಗಳ ನಡುವಿನ ಅಂತರ ಎಂಬತ್ತೆಂಟು ದಿನ.

ನಾನು ಕೊಚ್ಚಿಯ ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ವರದಿಗಾರರು ಬರೆದದ್ದನ್ನು ತಿದ್ದುವುದು, ಪುಟ ಕಟ್ಟುವುದು ನನ್ನ ಕೆಲಸ. ಊರು ಮಂಗಳೂರು. ಗಂಡ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಒಂದು ಕಂಪನಿಯಲ್ಲಿದ್ದಾರೆ. ಅವರ ವರ್ಗಾವಣೆಯಾಗಿ ನಾವು ಇಲ್ಲಿಗೆ ಬಂದಾಗ ಮಗಳಿಗೆ ಮೂರು ವರ್ಷ. ಅವಳಿಗೆ ಕನ್ನಡ ಎಲ್ಲಾ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ ಬರುತ್ತದೆ, ಜಗಳವಾಡುವಾಗ ಇಂಗ್ಲಿಷಿನಲ್ಲಿ. ಈಗ ಅವಳು ತಿರುವನಂತಪುರದ ಶ್ರೀಕಾರ್ಯದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ, ಹಾಸ್ಟೆಲಿನಲ್ಲಿದ್ದಾಳೆ.

ಒಪ್ಪಂದವಾದದ್ದು ಕಳೆದ ವರ್ಷದ ಜನವರಿಯಲ್ಲಿ. ರಜೆ ಮುಗಿಸಿ ಹೊರಡುವ ದಿನ ಅವಳು ಚೀಲದಲ್ಲಿ ಬಟ್ಟೆಗಿಂತ ಹೆಚ್ಚು ಕಾಮಿಕ್ಸ್ ತುಂಬುತ್ತಿದ್ದಳು. ಎಲ್ಲವೂ ದೆವ್ವ, ಬಾಹ್ಯಾಕಾಶ, ರೆಕ್ಕೆ ಇರುವ ಪ್ರಾಣಿಗಳದ್ದು. ಇದನ್ನೆಲ್ಲ ಯಾಕೆ ಓದುತ್ತೀ, ನಡೆದದ್ದೇ ಓದಿ ಮುಗಿಯುವುದಿಲ್ಲ ಎಂದೆ.

“ಅಮ್ಮ, ನೀನು ಲಾಸ್ಟ್ ಯಾವಾಗ ಒಂದು ಕಥೆ ಓದಿದ್ದು?” ಅವಳು ಮಲಯಾಳದಲ್ಲಿ ಕೇಳಿದಳು.

“ನೀನು ಲಾಸ್ಟ್ ಯಾವಾಗ ಕನ್ನಡದಲ್ಲಿ ಮಾತಾಡಿದ್ದು?”

ಗಂಡ ಪೇಪರಿನ ಹಿಂದಿನಿಂದ, “ಇಬ್ಬರದ್ದೂ ಬಾಕಿ ಉಂಟು,” ಎಂದರು.

ಹೀಗೆ ತೀರ್ಮಾನವಾಯಿತು: ವರ್ಷವಿಡೀ ವಾರಕ್ಕೊಂದು ಪುಸ್ತಕ, ಅವಳು ಹೇಳಿದ್ದು, ನಾನು ಓದಬೇಕು. ಭಾನುವಾರ ಬೆಳಗ್ಗೆ ಫೋನಿನಲ್ಲಿ ಅದರ ಬಗ್ಗೆ ಮಾತು, ಅವಳ ಕಡೆಯಿಂದ ಪೂರ್ತಿ ಕನ್ನಡದಲ್ಲಿ. ನಾನು ಒಂದು ನೋಟ್‌ಬುಕ್ ತೆಗೆದಿಟ್ಟೆ. ದಿನಾಂಕ, ಪುಸ್ತಕ, ಪುಟಗಳು, ಷರಾ. ಅದು ಈಗಲೂ ನನ್ನ ಬಳಿ ಇದೆ. ಇಲ್ಲಿ ಬರೆಯುತ್ತಿರುವುದರಲ್ಲಿ ಹೆಚ್ಚಿನದು ಅದರಿಂದಲೇ.

ಪುಸ್ತಕಗಳು ಸಿಗುತ್ತಿದ್ದುದು ಮಟ್ಟಾಂಚೇರಿಯಲ್ಲಿ, ಬೋಟ್ ಜೆಟ್ಟಿಯಿಂದ ಐದು ನಿಮಿಷ ನಡೆದರೆ ಒಣಶುಂಠಿಯ ಗೋದಾಮಿನ ಮಹಡಿಯ ಮೇಲಿದ್ದ ಹಳೆ ಪುಸ್ತಕದ ಅಂಗಡಿಯಲ್ಲಿ. ಅಲ್ಲಿಂದ ತಂದ ಯಾವ ಕಾದಂಬರಿ ತೆರೆದರೂ ಶುಂಠಿಯ ಘಾಟು. ಅಂಗಡಿಯಾತ ಅರುವತ್ತು ದಾಟಿದವರು. ನನ್ನ ಪಟ್ಟಿ ನೋಡಿ, ಮೂರು ಗೋಡೆಗಳನ್ನು ಒಂದೊಂದಾಗಿ ತೋರಿಸಿದರು. ಅಕ್ಕ ಎಂಬುದಕ್ಕೆ ಮಲಯಾಳದಲ್ಲಿ ಚೇಚ್ಚಿ, ನನ್ನನ್ನು ಹಾಗೆಯೇ ಕರೆಯುತ್ತಿದ್ದರು. “ಚೇಚ್ಚಿ, ಈ ಕಡೆ ಇರುವುದು ಮುಂದೆ ಆಗಬಹುದಾದದ್ದು. ಆ ಕಡೆ ಯಾವತ್ತೂ ಆಗದ್ದು. ಕಿಟಕಿ ಹತ್ತಿರ ಆಗಬಾರದ್ದು.”

“ಆಗಿಹೋದದ್ದು?”

“ಅದು ನಿಮ್ಮ ಪೇಪರಿನವರ ಹತ್ತಿರ ಇರುತ್ತದಲ್ಲ. ನಾನು ಇಡುವುದಿಲ್ಲ. ಯಾರೂ ಎರಡನೇ ಸಲ ಕೇಳುವುದಿಲ್ಲ.”

ಮೊದಲ ತಿಂಗಳು ನನಗೆ ಆದದ್ದನ್ನು ಆಘಾತ ಎಂದೇ ಬರೆಯಬೇಕು. ಮೊದಲನೆಯದು ಒಂದು ಭಯಾನಕ ಕಾದಂಬರಿ. ಬೋಟಿನಲ್ಲಿ, ಹಾಡಹಗಲಲ್ಲಿ ಓದುತ್ತಿದ್ದೆ. ಒಂದು ಅಧ್ಯಾಯದಲ್ಲಿ ಆದ ಸಾವು ಎಷ್ಟು ಹತ್ತಿರದಿಂದ ಬರೆದದ್ದೆಂದರೆ ಪುಸ್ತಕ ಮುಚ್ಚಿ ಚೀಲದಲ್ಲಿಟ್ಟು ನೀರು ನೋಡುತ್ತ ಕೂತೆ. ಇಳಿಯಬೇಕಾದ ಜೆಟ್ಟಿ ದಾಟಿಹೋಗಿತ್ತು. ಡೆಸ್ಕಿನಲ್ಲಿ ನಾನು ದಿನಕ್ಕೆ ಐದಾರು ಸಾವಿನ ಸುದ್ದಿ ತಿದ್ದುತ್ತೇನೆ. ಮೂವರು ಸತ್ತರೆ ಮೂರು ಎಂಬ ಸಂಖ್ಯೆ ಮೊದಲ ಸಾಲಿನಲ್ಲಿ ಬರಬೇಕು, ಅಷ್ಟು ನೋಡುತ್ತೇನೆ. ಆ ಕಾದಂಬರಿಯಲ್ಲಿದ್ದ ಹಾಗೆ, ಸಾಯುವವನು ಆ ಕ್ಷಣದಲ್ಲಿ ಚಪ್ಪಲಿ ಹುಡುಕುತ್ತಿದ್ದ ಎಂಬುದು ಯಾವ ವರದಿಯಲ್ಲೂ ಬಂದಿರಲಿಲ್ಲ. ಬಂದಿದ್ದರೆ ನಾನೇ ತೆಗೆದಿರುತ್ತಿದ್ದೆ.

ಆ ಭಾನುವಾರ ಮಗಳಿಗೆ ನನ್ನ ಷರಾ ಓದಿ ಹೇಳಿದೆ. ಒಟ್ಟು ಸಾವು ಹದಿನಾಲ್ಕು, ಅದರಲ್ಲಿ ಎರಡು ದೃಢಪಟ್ಟಿಲ್ಲ.

ಅವಳು ನಗುವುದನ್ನು ನಿಲ್ಲಿಸಲು ಸ್ವಲ್ಪ ಹೊತ್ತಾಯಿತು. “ಅಮ್ಮ, ನೀನು ಎಂತ, ಬಸ್ ಆಕ್ಸಿಡೆಂಟ್ ಬರೀತಿದ್ದೀಯಾ?”

“ಎಣಿಸಬಾರದಾ?”

“ಎಣಿಸು. ಆದರೆ ಗಾಯಾಳುಗಳನ್ನು ಬಿಟ್ಟಿದ್ದೀ. ಬದುಕಿದವರ ಕಥೆ ಅಲ್ವಾ ಅದು?”

ಅವಳ ಕನ್ನಡ ನಮ್ಮ ಮಂಗಳೂರಿನದೇ, ಆದರೆ ಹತ್ತು ವರ್ಷದ ಹುಡುಗಿಯದ್ದು. ಮಾತು ಅಲ್ಲಿಗೇ ನಿಂತುಬಿಟ್ಟಿತ್ತು. ‘ಸಂದೇಹ’ ಎಂಬ ಪದ ಅವಳಿಗೆ ಗೊತ್ತಿತ್ತು, ‘ಮುನ್ಸೂಚನೆ’ ಗೊತ್ತಿರಲಿಲ್ಲ. ವಾರವಾರ ಒಂದೊಂದು ಪದ ಸೇರಿತು. ಫೆಬ್ರವರಿಯ ಹೊತ್ತಿಗೆ ಮಾತು ನಲವತ್ತು ನಿಮಿಷಕ್ಕೆ ಬಂದಿತ್ತು. ಹಡಗಿನಂಥ ಆಕಾಶನೌಕೆಯೊಂದರಲ್ಲಿ ನೂರಾರು ವರ್ಷ ಪ್ರಯಾಣಿಸುವ ಜನರ ಕಾದಂಬರಿಯನ್ನು ಗಂಡನೂ ಓದಿದರು. ಇವರ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹತ್ತಿಸಿದ ರಸೀದಿ, ಎಲ್ಲಿ, ಅಷ್ಟು ಸರಕು ಯಾವ ಬಂದರಿನಲ್ಲಿ ಹತ್ತಿತು ಎಂಬ ಒಂದೇ ಪ್ರಶ್ನೆ ಅವರದ್ದು.

ಮಾರ್ಚಿನಲ್ಲಿ ಓದಿದ್ದು ದಿನಕ್ಕೊಂದು ಮೆಟ್ಟಿಲು ಹೆಚ್ಚಾಗುವ ಮನೆಯ ಕಥೆ. ಮನೆಯವರು ಹತ್ತುತ್ತಾರೆ, ಇಳಿಯುತ್ತಾರೆ, ಏದುಸಿರು ಬಂದರೆ ವಯಸ್ಸಾಯಿತು ಅಂದುಕೊಳ್ಳುತ್ತಾರೆ. ಇದರಲ್ಲಿ ದೆವ್ವ ಎಲ್ಲಿದೆ ಎಂದು ನಾನು ಕೇಳಿದೆ.

“ದೆವ್ವ ಬೇಕಂತ ಇಲ್ಲ. ಹಾರರ್‌ನಲ್ಲಿ ಹೆದರಿಕೆ ಎಂತದ್ದು ಗೊತ್ತುಂಟಾ? ಸ್ವಲ್ಪ ಸ್ವಲ್ಪ ಆಗ್ತಾ ಇರ್ತದೆ. ಅವರದ್ದೇ ಮನೆ. ಅವರಿಗೇ ಗೊತ್ತಾಗುವುದಿಲ್ಲ.”

“ಎಣಿಸಿದ್ದರೆ ಗೊತ್ತಾಗುತ್ತಿತ್ತು.”

“ಯಾರು ಎಣಿಸ್ತಾರೆ ಅಮ್ಮ, ಸ್ವಂತ ಮನೆ ಮೆಟ್ಟಿಲು?”

ನೋಟ್‌ಬುಕ್ಕಿನಲ್ಲಿ ಇದರ ಎದುರು ‘ಒಳ್ಳೆಯ ಮಾತು’ ಎಂದು ಬರೆದಿದ್ದೇನೆ.

ಅವಳು ನಂತರ ಹೇಳಿದ ಪ್ರಕಾರ, ಏನೋ ಸರಿಯಿಲ್ಲ ಎಂದು ಅವಳಿಗೆ ಮೊದಲು ಅನ್ನಿಸಿದ್ದು ಆ ಮಾರ್ಚಿಗೂ ಮೊದಲು, ಫೆಬ್ರವರಿಯಲ್ಲಿ. ನಮ್ಮ ಕೈಯಲ್ಲೂ ಸುದ್ದಿ ಇರಲಿಲ್ಲವೆಂದಲ್ಲ. ಏಪ್ರಿಲಿನಲ್ಲಿ ಮನೆಗೆ ಬಂದಾಗ ಅವಳ ಎಡಭುಜದ ಮೇಲೆ ಕಪ್ಪುಗಟ್ಟಿದ ಗುರುತಿತ್ತು. ಬಸ್ಸಿನ ಕಂಬ ತಾಗಿತು ಎಂದಳು. ಮೇ ತಿಂಗಳಲ್ಲಿ ಗೆಳತಿಯ ಸ್ಕೂಟರ್ ಓಡಿಸುವುದನ್ನು ಬಿಟ್ಟೆ ಎಂದಳು. ಟ್ರಾಫಿಕ್ ಜಾಸ್ತಿ, ಒಳ್ಳೆಯದೇ ಆಯಿತು ಎಂದು ನಾವಿಬ್ಬರೂ ಹೇಳಿದೆವು. ಊಟಕ್ಕೆ ಕೂತಾಗ ಉಪ್ಪಿನಕಾಯಿಯ ಭರಣಿಗೆ ಕೈ ತಾಗಿಸಿ ಎರಡು ಸಲ ಉರುಳಿಸಿದಳು. “ಮನೆಗೆ ಆನೆ ಬಂದಿದೆ,” ಎಂದು ಗಂಡ ತಮಾಷೆ ಮಾಡಿದರು. ಬೇರೆ ಬೇರೆ ದಿನ ಬಂದ ಸುದ್ದಿಗಳು. ಅವನ್ನು ಒಂದೇ ಪುಟದ ಮೇಲಿಟ್ಟು ನೋಡುವುದು ನನ್ನ ವೃತ್ತಿ. ನೋಡಲಿಲ್ಲ.

ನಮ್ಮ ಡೆಸ್ಕಿನಲ್ಲಿ ನಾನೇ ತಂದ ಒಂದು ರೂಢಿಯಿದೆ. ತರಬೇತಿಗೆ ಬಂದವರ ಕಾಪಿ, ಅಂದರೆ ಅವರು ಬರೆದ ವರದಿ, ನನ್ನ ಬಳಿಗೆ ಹೆಸರಿಲ್ಲದೆ ಬರಬೇಕು. ಬರೆದವರು ಯಾರೆಂದು ಗೊತ್ತಾದರೆ ಪೆನ್ಸಿಲು ಮೆತ್ತಗಾಗುತ್ತದೆ. ಇದನ್ನು ನಾನು ಮನೆಯಲ್ಲಿ ಹಲವು ಸಲ, ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದೆ.

ಜೂನ್ ಮೂರನೆಯ ವಾರಾಂತ್ಯಕ್ಕೆ ಮಗಳು ಮನೆಗೆ ಬಂದಳು. ಭಾನುವಾರ ಬೆಳಗ್ಗೆ, ದೋಸೆ ಮುಗಿದ ಮೇಲೆ, ಸ್ಟೇಪ್ಲರ್ ಹೊಡೆದ ಒಂದಷ್ಟು ಜೆರಾಕ್ಸ್ ಹಾಳೆಗಳನ್ನು ಮೇಜಿನ ಮೇಲಿಟ್ಟಳು.

“ಈ ವಾರ ಇದು. ಕಾಮಿಕ್ಸ್. ಮಾತಿಲ್ಲ, ಬರೀ ಚಿತ್ರ.”

“ಯಾರದ್ದು?”

“ಕಾಲೇಜಿನಲ್ಲಿ ಒಬ್ಬಳದ್ದು. ಹೆಸರು ಹಾಕಿಲ್ಲ. ನಿನ್ನ ರೂಲ್ ಪ್ರಕಾರ.”

ಅವಳು ಶಾಲೆಯಲ್ಲಿದ್ದಾಗ ಚಿತ್ರ ಬರೆಯುತ್ತಿದ್ದಳು. ಇಂಜಿನಿಯರಿಂಗ್ ಸೇರಿದ ಮೇಲೆ ಬಿಟ್ಟಳೆಂದು ನಾವು ತಿಳಿದಿದ್ದೆವು. ಈ ಚಿತ್ರಗಳು ಕಂಪ್ಯೂಟರಿನಲ್ಲಿ ಬಿಡಿಸಿದವು, ಗೆರೆ ಬೇರೆಯೇ ಥರ. ನನಗೆ ಅನುಮಾನ ಬರಲಿಲ್ಲ. ಚಶ್ಮ ಹಾಕಿಕೊಂಡು, ಪೆನ್ಸಿಲು ಮತ್ತು ಪುಟ ಕಟ್ಟಲು ಬಳಸುವ ಸ್ಟೀಲ್ ಸ್ಕೇಲು ತೆಗೆದುಕೊಂಡು ಕೂತೆ. ಅವಳು ಎದುರಿನ ಕುರ್ಚಿಯಲ್ಲಿ ಬಾಳೆಹಣ್ಣು ಸುಲಿಯುತ್ತ ಕೂತಳು.

ಕಥೆ ಹೀಗಿತ್ತು. ಒಬ್ಬ ಹುಡುಗಿ ದಿನಾ ಬಸ್ಸಿನಲ್ಲಿ ಹೋಗಿಬರುತ್ತಾಳೆ. ಎಡಗಡೆಯಿಂದ ಇದ್ದಕ್ಕಿದ್ದಂತೆ ವಸ್ತುಗಳು ಬಂದು ತಾಗುತ್ತವೆ. ಬಾಗಿಲಿನ ಅಂಚು, ಯಾರದೋ ಭುಜ, ಒಂದು ನಾಯಿ. ಒಂಬತ್ತನೆಯ ಪುಟದಲ್ಲಿ ಹೋಟೆಲಿನವನು ಎಡಗಡೆಯಿಂದ ಚಾಯದ ಗ್ಲಾಸು ಇಡಲು ಬರುತ್ತಾನೆ, ಅವಳ ಮೊಣಕೈ ತಾಗಿ ಗ್ಲಾಸು ಗಾಳಿಯಲ್ಲಿದೆ. ಅವಳ ಮುಖ ಮಾತ್ರ ಆ ಕಡೆ ತಿರುಗಿಲ್ಲ. ಪ್ರತಿ ಪುಟದ ಸುತ್ತ ಕಪ್ಪು ಅಂಚು. ಮೊದಲ ಪುಟದಲ್ಲಿ ನಾಲ್ಕು ಮಿಲಿಮೀಟರ್, ಒಂಬತ್ತನೆಯದರಲ್ಲಿ ಹದಿನಾರು, ಹಾಗೇ ದಪ್ಪವಾಗುತ್ತ ಹೋಗಿ ಇಪ್ಪತ್ತೆರಡನೆಯ ಪುಟದಲ್ಲಿ ಎಲ್ಲವೂ ಕಪ್ಪು, ನಡುವೆ ನಾಣ್ಯದಷ್ಟು ಜಾಗ. ಆ ಜಾಗದಲ್ಲಿ ಚಶ್ಮ ಹಾಕಿದ ಒಬ್ಬ ಹೆಂಗಸು ತಲೆ ತಗ್ಗಿಸಿ ಏನೋ ಓದುತ್ತಿದ್ದಾಳೆ.

ಪುಸ್ತಕ ಗಾಜಿನ ಮೇಲೆ ಸರಿಯಾಗಿ ಒತ್ತಿ ಕೂರದಿದ್ದರೆ ಜೆರಾಕ್ಸ್‌ನಲ್ಲಿ ಅಂಚು ಕಪ್ಪಾಗುತ್ತದೆ. ಡೆಸ್ಕಿನಲ್ಲಿ ವರ್ಷಗಟ್ಟಲೆ ಅಂಥ ಹಾಳೆಗಳನ್ನು ನೋಡಿದ್ದೇನೆ. ನಾನು ಬರೆದ ತಿದ್ದುಪಡಿಗಳು ಇವು, ಆ ಹಾಳೆಗಳು ಈಗಲೂ ಇರುವುದರಿಂದ ಯಥಾವತ್ತಾಗಿ ಕೊಡುತ್ತಿದ್ದೇನೆ.

ಎರಡನೆಯ ಪುಟದಲ್ಲಿ: ‘ಅಂಚು ಸಮವಾಗಿಲ್ಲ. ಜೆರಾಕ್ಸ್ ದೋಷ. ಎಲ್ಲಾ ಪುಟಗಳಲ್ಲೂ ನಾಲ್ಕು ಮಿ.ಮೀ.ಗೆ ಸರಿಪಡಿಸಿ.’

ಒಂಬತ್ತರಲ್ಲಿ: ‘ಹುಡುಗಿ ಯಾಕೆ ಎಲ್ಲದಕ್ಕೂ ಡಿಕ್ಕಿ ಹೊಡೆಯುತ್ತಾಳೆ? ಕಾರಣ ಕೊಡಿ.’

ಇಪ್ಪತ್ತೆರಡರಲ್ಲಿ: ‘ಈ ಹೆಂಗಸು ಯಾರು? ಮೊದಲು ಎಲ್ಲೂ ಬಂದಿಲ್ಲ. ತೆಗೆಯಬಹುದು.’

ಸುದ್ದಿ ಉದ್ದವಾದರೆ ನಾವು ಬಾಲದಿಂದ ಕತ್ತರಿಸುತ್ತೇವೆ. ಮುಖ್ಯವಾದದ್ದು ಮೇಲೆ ಇರುತ್ತದೆ, ಕೊನೆಯ ಪ್ಯಾರಾ ಹೋದರೆ ಯಾರಿಗೂ ತಿಳಿಯುವುದಿಲ್ಲ. ಕೊನೆಯ ನಾಲ್ಕು ಪುಟ ಬೇಡ ಎಂದೂ ಸೇರಿಸಿದೆ.

ಹಾಳೆಗಳನ್ನು ಅವಳ ಕಡೆ ತಳ್ಳಿದೆ. “ಚಿತ್ರ ಬರೆಯುವ ಕೈ ಒಳ್ಳೆಯದಿದೆ. ಕಥೆ ಇಲ್ಲ. ಏನೂ ಆಗುವುದಿಲ್ಲ ಇದರಲ್ಲಿ. ಅವಳಿಗೆ ಹೇಳು, ಒಂದು ದೆವ್ವವನ್ನಾದರೂ ತರಲಿ.”

ಅವಳು ಪ್ರತಿ ಪುಟವನ್ನೂ ತಿರುವಿ ನೋಡಿದಳು. ಬಾಳೆಹಣ್ಣು ಹಾಗೇ ಇತ್ತು.

“ಸಾರಮಿಲ್ಲ, ಅಮ್ಮ,” ಎಂದಳು. ಪರವಾಗಿಲ್ಲ ಎಂಬುದಕ್ಕೆ ಮಲಯಾಳದ ಮಾತು. ಭಾನುವಾರ ಕನ್ನಡ ಬಿಟ್ಟದ್ದು ಆ ವರ್ಷದಲ್ಲಿ ಅದೇ ಮೊದಲು. ಒಪ್ಪಂದ ಮುರಿದೆ ಎಂದು ನಾನು ಅವಳನ್ನು ಚುಡಾಯಿಸಿದ್ದೂ ನೋಟ್‌ಬುಕ್ಕಿನಲ್ಲಿದೆ.

ಆಮೇಲೆ ಮಾತು ಕಡಿಮೆಯಾಯಿತು. ಜುಲೈ ಎರಡನೆಯ ಭಾನುವಾರ: ಒಂಬತ್ತು ನಿಮಿಷ. ನಾಲ್ಕನೆಯದು: ಏಳು ನಿಮಿಷ, ಹೆಚ್ಚಿನದು ಮಲಯಾಳ. ಆಗಸ್ಟಿನಲ್ಲಿ ಎರಡು ವಾರ ಫೋನ್ ಎತ್ತಲಿಲ್ಲ, ಲ್ಯಾಬ್ ಇತ್ತು ಎಂದು ಮೆಸೇಜು ಹಾಕಿದಳು. ನಾನು ಪುಸ್ತಕ ಓದುವುದನ್ನು ನಿಲ್ಲಿಸಲಿಲ್ಲ. ಏಳು ಸಂಪುಟಗಳ ಒಂದು ರಾಜ್ಯದ ಕಥೆಯಲ್ಲಿ ಮೂರನೆಯದಕ್ಕೆ ಬಂದಿದ್ದೆ. ಅಂಗಡಿಯಾತ ಒಂದು ದಿನ ಕೇಳಿದರು, “ಮೋಳು ಈಗ ಎಂತ ಓದುತ್ತಿದ್ದಾಳೆ, ಚೇಚ್ಚಿ?” ಮಗಳನ್ನು ಅವರು ಹಾಗೆಯೇ ಕರೆಯುತ್ತಿದ್ದರು. ನಾಲ್ಕನೆಯ ಸಂಪುಟ ಇದೆಯೇ ಎಂದು ನಾನು ಕೇಳಿದೆ.

“ಪರೀಕ್ಷೆ ಇರ್ಬೇಕು, ಬಿಡು ಮಾರಾಯ್ತಿ,” ಎಂದು ಗಂಡ ಹೇಳಿದರು. “ಪ್ರಾಯದ ಹುಡುಗಿ. ವಾರ ವಾರ ಅಮ್ಮನಿಗೆ ರಿಪೋರ್ಟ್ ಕೊಡ್ಲಿಕ್ಕೆ ಅವಳೆಂತ ನಿಮ್ಮ ಪೇಪರಿನ ವರದಿಗಾರ್ತಿ ಅಲ್ವಲ್ಲ.”

ಸೆಪ್ಟೆಂಬರ್ ಎರಡನೆಯ ಬುಧವಾರ ಪತ್ರಿಕೆಯ ಕೆಲಸದ ಮೇಲೆ ನಾನು ತಿರುವನಂತಪುರಕ್ಕೆ ಹೋದೆ. ಮಧ್ಯಾಹ್ನ ಮೂರೂವರೆಗೆ ಮೀಟಿಂಗ್ ಮುಗಿಯಿತು. ಶ್ರೀಕಾರ್ಯದ ಜಂಕ್ಷನ್ನಿನಲ್ಲಿ ಮಗಳು ಕಾದಿದ್ದಳು. ಇಬ್ಬರೂ ಒಂದು ಸಣ್ಣ ಹೋಟೆಲಿಗೆ ಹೋಗಿ ಪಳಂಪೊರಿ ಹೇಳಿದೆವು, ಬಾಳೆಹಣ್ಣಿನ ಆ ಬಜ್ಜಿ ಅವಳಿಗೆ ಇಷ್ಟ. ಅವಳು ಗೋಡೆಗೆ ಬೆನ್ನು ಹಾಕಿ ಕೂತಿದ್ದಳು, ಎರಡೂ ಕಡೆ ಓಡಾಡುವ ಜಾಗ.

ಹೋಟೆಲಿನವನು ಚಾಯ ತಂದ. ಅವನ ಕೈ ಅವಳ ಎಡಗಡೆಯಿಂದ ಬಂತು. ನನಗೆ ಕಾಣುತ್ತಿತ್ತು. ಅವಳು ಏನೋ ಹೇಳುತ್ತ ಮೊಣಕೈ ಎತ್ತಿದಳು. ಗ್ಲಾಸು ಹಾರಿತು. ಚಾಯ ಅವನ ಅಂಗಿಯ ಮೇಲೆ, ನೆಲದ ಮೇಲೆ, ನನ್ನ ಚೀಲದ ಮೇಲೆ. ಅವಳ ಮುಖ ಇನ್ನೂ ನನ್ನ ಕಡೆಗೇ ಇತ್ತು. ಸದ್ದು ಕೇಳಿದ ಮೇಲೆ ತಿರುಗಿದಳು.

ಈ ದೃಶ್ಯವನ್ನು ನಾನು ಮೊದಲೇ ನೋಡಿದ್ದೆ. ಎಲ್ಲಿ ಎಂಬುದು ಹೊಳೆಯಲು ಎಷ್ಟು ಹೊತ್ತಾಯಿತೋ ತಿಳಿಯದು. ಹೋಟೆಲಿನವನು ಬಟ್ಟೆ ತಂದು ನೆಲ ಒರೆಸಿ ಮುಗಿಸಿದ್ದ.

“ಒಂಬತ್ತನೇ ಪುಟ,” ಎಂದೆ.

“ಹೌದು,” ಎಂದಳು. ಕನ್ನಡದಲ್ಲಿ.

“ಅದು ನಿನ್ನದಾ?”

“ನಂದೇ.”

“ಆ ಕಪ್ಪು?”

“ಜೆರಾಕ್ಸ್ ದೋಷ ಅಲ್ಲ, ಅಮ್ಮ.”

ಎಡಗಡೆ ಏನು ಕಾಣುತ್ತದೆ ಎಂದು ಕೇಳಿದೆ. ಕಪ್ಪು ಕಾಣುತ್ತದೆಯೇ?

“ಕಪ್ಪು ಅಲ್ಲ. ಕಪ್ಪು ಕಂಡರೆ ಗೊತ್ತಾಗ್ತಿತ್ತಲ್ಲ. ಏನೂ ಇಲ್ಲ. ನಿನಗೆ ನಿನ್ನ ತಲೆಯ ಹಿಂದೆ ಎಂತ ಕಾಣ್ತದೆ? ಹಾಗೆ. ಏನೂ ಇಲ್ಲದ್ದನ್ನು ಬರೆಯುವುದು ಹೇಗೆ? ಅದಕ್ಕೆ ಕಪ್ಪು ಹಾಕಿದೆ.”

“ಯಾವಾಗಿನಿಂದ? ಎಷ್ಟು ಸಲ ಹೀಗೆ ಆಗಿದೆ? ಎರಡೂ ಕಣ್ಣಾ?”

ಅವಳು ತಟ್ಟೆಯನ್ನು ನನ್ನ ಕಡೆ ಸರಿಸಿದಳು. “ನೋಡು, ಇದೇ. ಹೇಳಿದರೆ ನೀನು ಹೀಗೆ ಕೇಳ್ತೀ ಅಂತ ಗೊತ್ತಿತ್ತು. ನನ್ನ ಹತ್ರ ಫ್ಯಾಕ್ಟ್ ಇರ್ಲಿಲ್ಲ. ಸಂದೇಹ ಮಾತ್ರ ಇತ್ತು. ಸಂದೇಹವನ್ನು ನೀನು ಹಾಕುವುದಿಲ್ಲ.”

ದೃಢಪಡದ್ದನ್ನು ಹಾಕುವುದಿಲ್ಲ ಎಂಬುದು ನಾನು ಮನೆಯಲ್ಲಿ ಊಟದ ಮೇಜಿನಲ್ಲಿ ಎಷ್ಟೋ ಸಲ ಹೇಳಿದ ಮಾತು.

“ಈಗ ಎಷ್ಟನೇ ಪುಟದಲ್ಲಿದ್ದೀ?”

“ಒಂಬತ್ತು. ಹತ್ತು ಇರಬಹುದು. ಮುಂದಿನದೆಲ್ಲ ನಾನು ಹೆದರಿ ಬರೆದದ್ದು. ಇನ್ನೂ ಆಗಿಲ್ಲ.”

ಹೋಟೆಲಿನವನು ಎರಡನೆಯ ಚಾಯ ತಂದಿಟ್ಟ. ಈ ಸಲ ಬಲಗಡೆಯಿಂದ. ಅವನಿಗೆ ಯಾರೂ ಹೇಳಿರಲಿಲ್ಲ.

ನಾನು ಆ ಸಂಜೆಯ ರೈಲಿಗೆ ಹತ್ತಲಿಲ್ಲ. ಮರುದಿನ ಬೆಳಗ್ಗೆ ಎಂಟಕ್ಕೆ ಕಣ್ಣಾಸ್ಪತ್ರೆಯಲ್ಲಿದ್ದೆವು. ಒತ್ತಡ ಅಳೆದರು. ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಿದರು. ನಡುವೆ ಫೀಲ್ಡ್ ಟೆಸ್ಟ್ ಎಂಬ ಪರೀಕ್ಷೆ ಮಾಡಿದರು: ಒಂದು ಬಿಳಿ ಬೋಗುಣಿಯಂಥದ್ದರೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ಚುಕ್ಕೆಯನ್ನೇ ನೋಡಬೇಕು. ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾನು ಬಾಗಿಲಿನ ಹತ್ತಿರ ನಿಂತಿದ್ದೆ. ಗುಂಡಿಯ ಟಿಕ್ ಟಿಕ್ ಕೇಳುತ್ತಿತ್ತು. ಕೆಲವು ಸಲ ಬಹಳ ಹೊತ್ತು ಏನೂ ಕೇಳುತ್ತಿರಲಿಲ್ಲ. ಆ ಹೊತ್ತಿನಲ್ಲಿ ಬೆಳಕು ಬಂದುಹೋಗುತ್ತಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು.

ಯಂತ್ರದಿಂದ ಎರಡು ಹಾಳೆಗಳು ಬಂದವು, ಕಣ್ಣಿಗೊಂದರಂತೆ. ಕಾಣದ ಜಾಗವನ್ನು ಯಂತ್ರ ಕಪ್ಪಾಗಿ ಅಚ್ಚು ಮಾಡುತ್ತದೆ. ಅಂಚಿನಿಂದ ಒಳಕ್ಕೆ ಬಂದ ಕಪ್ಪು, ನಡುವೆ ಬಿಳಿ. ನಾನು ಆ ಹಾಳೆಯನ್ನು ಕೈಯಲ್ಲಿ ಹಿಡಿದು ನಿಂತೆ. ಓದಲು ಬರುವವಳು, ಓದಲು ಬಾರದವಳಂತೆ.

ಮಗಳು ತನ್ನ ಚೀಲದಿಂದ ಇಪ್ಪತ್ತೆರಡು ಪುಟಗಳನ್ನು ತೆಗೆದು ವೈದ್ಯೆಗೆ ಕೊಟ್ಟಳು. ಅದು ನನ್ನ ಪೆನ್ಸಿಲಿನ ಪ್ರತಿಯೇ. ವೈದ್ಯೆ ನಿಧಾನವಾಗಿ ತಿರುವಿದರು. ಚಿತ್ರ ಬರೆದದ್ದು ಯಾವಾಗ ಎಂದು ಕೇಳಿದರು. ಮೇ ತಿಂಗಳಲ್ಲಿ ಎಂದಳು. ಪೆನ್ಸಿಲಿನಲ್ಲಿ ಬರೆದಿರುವ ಭಾಷೆ ಯಾವುದು ಎಂದು ಕೇಳಿದರು. ಕನ್ನಡ ಎಂದಳು. ಏನು ಬರೆದಿದೆ ಎಂದಾಗ, ಮಗಳು ನನ್ನ ಕಡೆ ನೋಡದೆ, “ಅಳತೆ,” ಎಂದಳು.

ಹಾಳೆಗಳನ್ನು ಜೆರಾಕ್ಸ್ ಮಾಡಿಸಿ ಫೈಲಿಗೆ ಸೇರಿಸಿದರು.

ಜೂನಿನಲ್ಲೇ ಬಂದಿದ್ದರೆ ಇಷ್ಟು ಹೋಗುತ್ತಿರಲಿಲ್ಲವೇ ಎಂದು ವೈದ್ಯೆಯನ್ನು ಕೇಳಿದೆ. ಹೇಳಲು ಆಗುವುದಿಲ್ಲ ಎಂದರು. ಮಗಳು ಹನಿ ಹಾಕಿಸಿಕೊಳ್ಳಲು ಒಳಗೆ ಹೋದಾಗ ಮತ್ತೊಮ್ಮೆ ಕೇಳಿದೆ. ಅದೇ ಉತ್ತರ ಕೊಟ್ಟರು. ಹತ್ತಿರದ ಸಂಬಂಧಿಕರು ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು. ನಾವಿಬ್ಬರೂ ಕೊಚ್ಚಿಯಲ್ಲಿ ಮಾಡಿಸಿಕೊಂಡೆವು. ಇಬ್ಬರ ಒತ್ತಡವೂ ಮಿತಿಯೊಳಗಿದೆ.

ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಗಂಡನಿಗೆ ಫೋನ್ ಮಾಡಿದೆ. ಮೊದಲ ಸಾಲಿನಲ್ಲಿ ಮುಖ್ಯವಾದದ್ದು, ಆಮೇಲೆ ವಿವರ, ಡೆಸ್ಕಿನ ಕ್ರಮದಲ್ಲೇ ಹೇಳಿದೆ. ಆ ಕಡೆ ಕ್ರೇನಿನ ಸದ್ದು ಕೇಳುತ್ತಿತ್ತು. ಅವರು ಕೇಳಿದ್ದು ಒಂದೇ: “ಆ ಉಪ್ಪಿನಕಾಯಿ ಭರಣಿ ಯಾವ ಕಡೆ ಇತ್ತು?”

“ಎಡಗಡೆ,” ಎಂದೆ.

ಹನಿಗಳಿಂದ ಬಲಗಣ್ಣಿನ ಒತ್ತಡ ಇಳಿಯಿತು. ಎಡಗಣ್ಣಿನದು ಸಾಕಷ್ಟು ಇಳಿಯಲಿಲ್ಲ. ನವೆಂಬರಿನಲ್ಲಿ ಎಡಗಣ್ಣಿಗೆ ಆಪರೇಷನ್ ಆಯಿತು. ಕಾಲೇಜಿಗೆ ರಜೆ ಹಾಕಿ ಅವಳು ಕೊಚ್ಚಿಗೆ ಬಂದಳು. ಬಗ್ಗಬಾರದು, ಭಾರ ಎತ್ತಬಾರದು, ಕೆಲವು ವಾರ ಓದಬಾರದು ಎಂದಿದ್ದರು. ಅವಳು ಕೇಳಿದ್ದು ಒಂದನ್ನೇ: ಮೆಟ್ಟಿಲುಗಳ ಆ ಮನೆಯ ಕಥೆಯ ಎರಡನೆಯ ಭಾಗ ಬಂದಿದೆ, ಓದಿ ಹೇಳು.

ಮಟ್ಟಾಂಚೇರಿಯ ಅಂಗಡಿಯಾತ ಅದನ್ನು ಬೇರೆ ಯಾರಿಗೋ ಎತ್ತಿಟ್ಟಿದ್ದರು. ನಾನು ಕಾರಣ ಹೇಳಿದೆ. ಪುಸ್ತಕದ ಧೂಳು ಒರೆಸಿ ಕೊಟ್ಟರು. ಕೆಳಗಿಳಿಯುವಾಗ ನಾನು ಗೋದಾಮಿನ ಮೆಟ್ಟಿಲುಗಳನ್ನು ಎಣಿಸಿದೆ. ಹತ್ತೊಂಬತ್ತು. ಮುಂದಿನ ವಾರವೂ ಎಣಿಸಿದೆ.

ಬೆಳಗ್ಗೆ ಆಫೀಸಿಗೆ ಹೊರಡುವ ಮೊದಲು ಒಂದು ಗಂಟೆ ಓದುತ್ತಿದ್ದೆ. ಪುಸ್ತಕ ಇಂಗ್ಲಿಷಿನದು, ನನ್ನ ಬಾಯಿಂದ ಕನ್ನಡದಲ್ಲಿ ಬರಬೇಕು. ಒಪ್ಪಂದದ ಪ್ರಕಾರ ಕನ್ನಡ ಅವಳ ಕೆಲಸ, ಈಗ ನನ್ನ ಕಡೆಗೆ ಬಂದಿತ್ತು. ಅವಳು ಪಟ್ಟಿ ಕಟ್ಟಿದ ಕಣ್ಣಿನೊಡನೆ ಎರಡು ದಿಂಬಿಗೆ ಒರಗಿ ಕೂತಿರುತ್ತಿದ್ದಳು.

“ಅಮ್ಮ, ದೆವ್ವ ಬರುವಾಗಲಾದರೂ ಸ್ವಲ್ಪ ಸ್ವರ ಬದಲಾಯಿಸು. ಇದೆಂತ, ರೇಡಿಯೋ ವಾರ್ತೆ ಹಾಗೆ.”

“ದೆವ್ವ ಬೇಕಂತ ಇಲ್ಲ ಅಂದವಳು ನೀನೇ.”

“ಎರಡನೇ ಭಾಗದಲ್ಲಿ ಉಂಟಲ್ಲ. ಎಷ್ಟು ಜನ ಸತ್ತರು ಇಲ್ಲಿವರೆಗೆ?”

“ನಾಲ್ಕು.”

“ಗಾಯಾಳುಗಳು?”

ಅವಳಿಗೆ ಓದಿ ಹೇಳುವುದಕ್ಕೆ ಶುರುಮಾಡಿದ ಮೇಲೆ ಗಾಯಾಳುಗಳನ್ನೂ ಬರೆದಿಡುತ್ತಿದ್ದೆ. ಆರು ಎಂದೆ.

ಒಂದು ದಿನ ಓದುವುದನ್ನು ನಿಲ್ಲಿಸಿ, ಇಪ್ಪತ್ತೆರಡನೆಯ ಪುಟದ ಹೆಂಗಸಿನ ಬಗ್ಗೆ ಕೇಳಿದೆ. ಉತ್ತರ ಗೊತ್ತಿತ್ತು. ಆದರೂ ದೃಢಪಡಿಸಿಕೊಳ್ಳಬೇಕಿತ್ತು.

“ನೀನೇ,” ಎಂದಳು. “ಇನ್ಯಾರು? ಕೊನೆಗೆ ಎಂತ ಉಳಿಯಬೇಕು ಅಂತ ಯೋಚನೆ ಮಾಡಿದೆ. ನಿನ್ನನ್ನು ಇಟ್ಟೆ. ನೀನು ತೆಗೆಯಬಹುದು ಅಂತ ಬರೆದೆ.”

“ತಲೆ ಎತ್ತಿದ ಹಾಗೆ ಬರೆಯಬಹುದಿತ್ತಲ್ಲ.”

“ನೋಡಿದ್ದನ್ನೇ ಬರೆದದ್ದು.” ಆಮೇಲೆ ಅವಳೇ ನಕ್ಕಳು. “ಓದು, ಓದು. ಅವನು ಮೆಟ್ಟಿಲ ಮೇಲೇ ನಿಂತಿದ್ದಾನೆ.”

ನಾನು ಓದಿದೆ.

ಡಿಸೆಂಬರ್ ಕೊನೆಯ ಭಾನುವಾರ ವರ್ಷದ ಲೆಕ್ಕ ಹಾಕಿದೆವು. ಐವತ್ತೆರಡು ವಾರಗಳಲ್ಲಿ ನಾನು ಓದಿದ್ದು ನಲವತ್ತಾರು ಪುಸ್ತಕ. ಜೂನಿನ ಆ ವಾರದ ಎದುರು ‘ಹೆಸರಿಲ್ಲದ ಕಾಮಿಕ್ಸ್, 22 ಪುಟ, ಸಾವು: ಇಲ್ಲ, ಕಥೆ: ಇಲ್ಲ’ ಎಂದಿತ್ತು. ಆ ಷರಾವನ್ನು ಅಳಿಸಿಲ್ಲ. ಕೆಳಗೆ ತಿದ್ದುಪಡಿ ಹಾಕಿ, ದಿನಾಂಕ ಬರೆದಿದ್ದೇನೆ. ಪತ್ರಿಕೆಯಲ್ಲಿ ತಪ್ಪು ಅಚ್ಚಾದರೆ ನಾವು ಮಾಡುವುದು ಹಾಗೆಯೇ.

ಜನವರಿಯಲ್ಲಿ ಅವಳು ಕಾಲೇಜಿಗೆ ಮರಳಿದಳು. ತರಗತಿಯಲ್ಲಿ ಎಡಗಡೆಯ ಕೊನೆಯ ಬೆಂಚಿನಲ್ಲಿ ಕೂರುತ್ತಾಳೆ. ಅಲ್ಲಿ ಎಲ್ಲರೂ ಅವಳ ಬಲಕ್ಕೇ ಇರುತ್ತಾರೆ. ದಿನಕ್ಕೆ ಎರಡು ಬಾರಿ ಬಲಗಣ್ಣಿಗೆ ಹನಿ ಹಾಕಿಕೊಳ್ಳಬೇಕು. ಹಾಕಿಕೊಂಡ ಕೂಡಲೇ ನನಗೆ ಒಂದು ಚುಕ್ಕೆ ಮೆಸೇಜು ಬರುತ್ತದೆ, ಬರೀ ಪೂರ್ಣವಿರಾಮ. ಭಾನುವಾರದ ಫೋನು ನಡೆಯುತ್ತಿದೆ. ಫೀಲ್ಡ್ ಟೆಸ್ಟ್ ನಾಲ್ಕು ತಿಂಗಳಿಗೊಮ್ಮೆ. ಕಳೆದ ತಿಂಗಳು ಆದದ್ದರ ಹಾಳೆಗಳನ್ನು ಅದರ ಹಿಂದಿನ ಹಾಳೆಗಳ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದು ವೈದ್ಯೆ ನೋಡಿದರು. ವ್ಯತ್ಯಾಸವಿಲ್ಲ ಎಂದು ಬರೆದರು.

ಹೋದ ಶನಿವಾರ ಅಂಚೆಯಲ್ಲಿ ಒಂದು ಕವರು ಬಂತು. ಹೊಸ ಕಾಮಿಕ್ಸ್, ಎಂಟು ಪುಟ, ಜೆರಾಕ್ಸ್ ಅಲ್ಲ, ಮೂಲ ಪ್ರತಿ. ಮೊದಲ ಪುಟದ ಕೆಳಗೆ ಅವಳ ಹೆಸರಿದೆ, ಕನ್ನಡದಲ್ಲಿ. ಸ್ಟೀಲ್ ಸ್ಕೇಲು ತೆಗೆದು ಅಂಚು ಅಳೆದೆ. ಎಂಟೂ ಪುಟಗಳಲ್ಲಿ ಹದಿನಾರು ಮಿಲಿಮೀಟರ್, ಹಳೆಯದರ ಒಂಬತ್ತನೆಯ ಪುಟದಷ್ಟೇ.